ವಾಪಸ್ ಬರೋದು ಹೇಗೆ?

ನಮ್ಮ ಮನೆಯಲ್ಲಿ ಒಂದು ಪ್ರಶ್ನೆಯಿದೆ. ಅದು ನಾನು ಹುಟ್ಟಿಸಿದ್ದಲ್ಲ. ಅಜ್ಜಿಯಿಂದ ಅಪ್ಪನಿಗೆ, ಅಪ್ಪನಿಂದ ನನಗೆ, ಅಟ್ಟದ ಮೇಲಿನ ಹಿತ್ತಾಳೆ ಕೊಳದಪ್ಪಲೆಯ ಹಾಗೆ ಬಂದದ್ದು. ಸಂಜೆಯ ಮೇಲೆ ಯಾರಾದರೂ ಹೊರಗೆ ಹೊರಟರೆ ಸಾಕು, ಎಲ್ಲಿಗೆ, ಯಾರ ಜೊತೆ ಎಂದು ಕೇಳುವ ಮೊದಲೇ ಅದು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ: ‘ವಾಪಸ್ ಬರೋದು ಹೇಗೆ?’

‘ಯಾರಾದರೂ’ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಅದನ್ನು ನನಗೆ ತಿಳಿಸಿಕೊಟ್ಟವಳು ಮಗಳು.

2017ರ ಜನವರಿ. ಅವಳು ಆಗ ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ‘ಅಪ್ಪ, ಶನಿವಾರ ರಂಗಶಂಕರದಲ್ಲಿ ನಾಟಕ ಇದೆ. ಏಳೂವರೆಗೆ. ಕ್ಲಾಸಿನವರೆಲ್ಲ ಹೋಗ್ತಿದ್ದೀವಿ’ ಎಂದಳು. ಸಿದ್ದಾಪುರದಿಂದ ಜೆ.ಪಿ. ನಗರ ಎರಡನೇ ಹಂತವೇನೂ ಏಳು ಸಮುದ್ರದಾಚೆಯ ಊರಲ್ಲ. ಆದರೆ ಅದಕ್ಕೆ ಕೆಲವೇ ದಿನ ಹಿಂದೆ, 2016ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷ ಸ್ವಾಗತಿಸಲು ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಸೇರಿದ್ದ ಹೆಣ್ಣುಮಕ್ಕಳಿಗೆ ಆದ ಕಿರುಕುಳದ ಸುದ್ದಿ ದೇಶವೆಲ್ಲ ಹಬ್ಬಿತ್ತು. ಹೆಣ್ಣು ಹೆತ್ತವರ ಎದೆಯಲ್ಲಿ ಅದಿನ್ನೂ ಆರಿರಲಿಲ್ಲ. ನಮ್ಮ ಕಡೆಗೆ ಮೆಟ್ರೊ ಕೂಡ ಬಂದಿರಲಿಲ್ಲ. ಅದು ಬಂದದ್ದು ಆ ವರ್ಷದ ಜೂನಿನಲ್ಲಿ.

‘ವಾಪಸ್ ಬರೋದು ಹೇಗೆ?’ ಎಂದೆ.

‘ಆಟೋ ಸಿಗುತ್ತಲ್ಲಪ್ಪ.’

‘ಸಿಗದಿದ್ರೆ?’

ಅವಳು ಸುಮ್ಮನಾದಳು. ಆ ಮೌನವನ್ನೇ ಉತ್ತರ ಎಂದುಕೊಂಡು ನಾನು, ‘ಹಾಗಾದ್ರೆ ಬೇಡ ಬಿಡು’ ಎಂದೆ. ಕೋಣೆಗೆ ಹೋಗುವ ಮೊದಲು ಅವಳು ಒಂದೇ ಮಾತು ಹೇಳಿದಳು: ‘ಅಣ್ಣನ್ನ ಯಾವತ್ತಾದ್ರೂ ಹೀಗೆ ಕೇಳಿದ್ದೀಯಾ ಅಪ್ಪ?’

ಕೇಳಿರಲಿಲ್ಲ. ಅವಳ ಅಣ್ಣ ಸೆಕೆಂಡ್ ಶೋ ಮುಗಿಸಿ ರಾತ್ರಿ ಒಂದಕ್ಕೆ ಬಂದು ಬಾಗಿಲು ಬಡಿದಾಗ, ಅವರಮ್ಮ ಎದ್ದು ಹೋಗಿ ಅನ್ನ ಬಿಸಿ ಮಾಡಿ ಬಡಿಸಿದ್ದಾಳೆ. ನಾನು ಮಗ್ಗುಲು ಬದಲಿಸಿ ಮಲಗಿದ್ದೇನೆ. ಆ ಶನಿವಾರ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ನಾಟಕ ಮುಗಿಯುವ ತನಕ ಕಾದು ಕರೆತರಬಹುದಿತ್ತು. ಅದು ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆದಿತ್ತು. ಆದರೆ ‘ಬೇಡ’ ಎನ್ನುವುದು ಅದಕ್ಕಿಂತ ಸುಲಭವಾಗಿತ್ತು.

ಹಾಗೆಂದು ನಮ್ಮದು ದೀಪ ಹಚ್ಚುವ ಹೊತ್ತಿಗೆ ಕದ ಹಾಕಿಕೊಳ್ಳುವ ಮನೆತನವೇನಲ್ಲ. ನಾನು ಬೆಳೆದ ಸಿದ್ದಾಪುರ ರಾತ್ರಿಗಳನ್ನು ಚೆನ್ನಾಗಿಯೇ ಕಂಡಿತ್ತು. ಒಂದು ಕಡೆ ಲಾಲ್‌ಬಾಗಿನ ಗೋಡೆ, ಇನ್ನೊಂದು ಕಡೆ ಸಾಲು ಸಾಲು ಗಿಡದ ನರ್ಸರಿಗಳು. ಚೈತ್ರ ಬಂತೆಂದರೆ ಅಪ್ಪ, ಅಮ್ಮ, ಅಜ್ಜಿ, ನಾವು ಮಕ್ಕಳು ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನಕ್ಕೆ ರಾಮನವಮಿ ಸಂಗೀತ ಕೇಳಲು ಹೊರಡುತ್ತಿದ್ದೆವು. ಶ್ರೀರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದ ಉತ್ಸವ ಅದು. ಚಪ್ಪರದೊಳಗೆ ಕುರ್ಚಿಗೆ ಟಿಕೇಟು. ನಮ್ಮಂಥವರಿಗೆ ಹೊರಗಿನ ಫುಟ್‌ಪಾತೇ ಗ್ಯಾಲರಿ. ಅಜ್ಜಿ ಹಳೆಯ ಜಮಖಾನ ಹಾಸಿಕೊಂಡು, ಶಾಲು ಹೊದ್ದು, ತೊಡೆಯ ಮೇಲೆ ತಾಳ ಹಾಕುತ್ತ ಕೂತರೆ ಮಂಗಳ ಹಾಡುವವರೆಗೆ ಏಳುತ್ತಿರಲಿಲ್ಲ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ. ತಿಂಗಳಿಗೊಮ್ಮೆ ಅಪ್ಪನ ಕೈಯಲ್ಲಿ ಕಾಸು ಆಡಿದರೆ ಊರ್ವಶಿಯಲ್ಲೋ ನಂದಾದಲ್ಲೋ ಶಾಂತಿಯಲ್ಲೋ ಸಿನಿಮಾ. ಒಂಬತ್ತೂವರೆಗೆ ಶುರುವಾಗುವ ಸೆಕೆಂಡ್ ಶೋ ಬಿಟ್ಟಾಗ ಹನ್ನೆರಡೂವರೆ. ಬಸ್ಸಿಲ್ಲ, ಆಟೋಗೆ ಕಾಸಿಲ್ಲ. ಆದರೆ ನಡೆದು ಹೋಗುವವರು ನಾವಷ್ಟೇ ಅಲ್ಲ, ಚಿತ್ರಮಂದಿರವೇ ನಮ್ಮ ಜೊತೆ ನಡೆದು ಬರುತ್ತಿತ್ತು. ಮುಂದೆ ಹತ್ತು ಸಂಸಾರ, ಹಿಂದೆ ಹತ್ತು ಸಂಸಾರ. ಹೆಂಗಸರು ನಾಯಕಿಯ ಸೀರೆಯ ಬಗ್ಗೆ, ಗಂಡಸರು ಫೈಟಿಂಗ್ ಬಗ್ಗೆ ಮಾತಾಡಿಕೊಂಡು ಹೋಗುತ್ತಿದ್ದರೆ, ನಾವು ಮಕ್ಕಳು ಯಾರದೋ ಹೆಗಲ ಮೇಲೆ ನಿದ್ದೆ.

ಎಲ್ಲಕ್ಕಿಂತ ದೊಡ್ಡ ರಾತ್ರಿ ಎಂದರೆ ಕರಗ. ತೋಟಗಾರಿಕೆಗೆ ಹೆಸರಾದ ತಿಗಳ ಸಮುದಾಯದವರ ಉತ್ಸವ. ನಮ್ಮ ಓಣಿಯ ನರ್ಸರಿಯವರ ಮನೆಗಳಲ್ಲಿ ವಾರ ಮೊದಲೇ ಅದರ ಸಡಗರ ಕಾಣುತ್ತಿತ್ತು. ಚೈತ್ರ ಹುಣ್ಣಿಮೆಯ ನಡುರಾತ್ರಿ ಕಳೆದ ಮೇಲೆ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆಯ ಕರಗ ಹೊರಡಬೇಕು. ಸುತ್ತ ಕತ್ತಿ ಹಿಡಿದ ವೀರಕುಮಾರರು. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ, ಪೇಟೆಯ ಬೀದಿಗಳನ್ನು ಸುತ್ತಿ, ಬೆಳಕು ಹರಿಯುವಾಗ ಗುಡಿಗೆ ಮರಳಬೇಕು. ಅಜ್ಜಿ ರಾತ್ರಿ ಎರಡು ಗಂಟೆಯಲ್ಲಿ ಆ ಜನಜಂಗುಳಿಯ ನಡುವೆ ನಿಂತಿರುತ್ತಿದ್ದಳು. ‘ಭಯ ಆಗಲ್ವಾ ಅಜ್ಜಿ?’ ಎಂದು ನಾನು ಒಮ್ಮೆ ಕೇಳಿದ್ದೆ. ‘ಊರೇ ಎದ್ದಿದೆಯಲ್ಲೋ, ಭಯ ಯಾಕೆ? ಊರು ಮಲಗಿರುವಾಗ ಭಯ’ ಎಂದಿದ್ದಳು.

ಅಜ್ಜಿಯ ಆ ಮಾತಿನ ಅರ್ಥ ಹೊಳೆಯಲು ನನಗೆ ನಲವತ್ತು ವರ್ಷ ಹಿಡಿಯಿತು. ಅದೂ ಸಿದ್ದಾಪುರದಲ್ಲಲ್ಲ, ಮೆಲ್ಬರ್ನಿನಲ್ಲಿ.

ಮಗಳು 2022ರಲ್ಲಿ ಎಂ.ಎಸ್. ಮಾಡಲು ಆಸ್ಟ್ರೇಲಿಯಾಕ್ಕೆ ಹೋದಳು. ಜೆ.ಪಿ. ನಗರಕ್ಕೆ ಕಳಿಸದ ಅಪ್ಪ ಮೆಲ್ಬರ್ನಿಗೆ ಕಳಿಸಿದ್ದು ನಮ್ಮ ನೆಂಟರಲ್ಲಿ ನಗೆಗೆ ವಸ್ತುವಾಯಿತು. ಸೀಟು, ಸಾಲ, ವೀಸಾ ಎನ್ನುವ ಗದ್ದಲದಲ್ಲಿ ಆ ಊರಿಗೂ ಒಂದು ರಾತ್ರಿ ಇದ್ದೀತು ಎನ್ನುವುದನ್ನು ನಾನು ಮರೆತೇ ಬಿಟ್ಟಿದ್ದೆ. ನೆನಪಾದದ್ದು ಅವಳು ಹೋದ ಮೇಲೆ. ಇಲ್ಲಿ ನಾವು ಸಂಜೆಯ ಕಾಫಿ ಕುಡಿಯುವ ಹೊತ್ತಿಗೆ ಅಲ್ಲಿ ರಾತ್ರಿ ಹತ್ತು ದಾಟಿರುತ್ತಿತ್ತು. ಫೋನು ಎತ್ತದಿದ್ದರೆ ಕಾಫಿ ಆರಿ ಹೋಗುತ್ತಿತ್ತು.

2024ರ ಫೆಬ್ರವರಿಯಲ್ಲಿ ನಾನೂ ನನ್ನಾಕೆಯೂ ಹೋಗಿ ಮೂರು ವಾರ ಇದ್ದು ಬಂದೆವು. ಅಲ್ಲಿಗದು ಬೇಸಿಗೆ, ರಾತ್ರಿ ಎಂಟಾದರೂ ಬೆಳಕು. ಮಗಳು ಇದ್ದದ್ದು ಊರಿನ ಉತ್ತರಕ್ಕಿರುವ ಪ್ರೆಸ್ಟನ್ ಎಂಬ ಬಡಾವಣೆಯಲ್ಲಿ, ಇಬ್ಬರು ಗೆಳತಿಯರ ಜೊತೆ. ನಮಗೆ ಮೊದಲು ಆಶ್ಚರ್ಯ ತಂದದ್ದು ಅಲ್ಲಿನ ರಾತ್ರಿಯ ಮೋಜಲ್ಲ, ಸಂಜೆಯ ಸಪ್ಪೆತನ. ಐದೂವರೆಗೇ ಎಷ್ಟೋ ಅಂಗಡಿಗಳ ಬಾಗಿಲು! ‘ಇಷ್ಟು ಹೊತ್ತಿಗೆ ನಮ್ಮ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಲಿಡೋಕೆ ಜಾಗ ಇರಲ್ಲ’ ಎಂದು ನನ್ನಾಕೆ ನಕ್ಕಳು.

ಆ ಊರಿನ ಚರಿತ್ರೆಯಲ್ಲೂ ಇಂಥದೊಂದು ಬಾಗಿಲಿನ ಕಥೆಯಿದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 1916ರಿಂದ 1966ರವರೆಗೆ ಪಾನಗೃಹಗಳು ಸಂಜೆ ಆರಕ್ಕೇ ಮುಚ್ಚಬೇಕೆಂಬ ಕಾನೂನಿತ್ತು. ಗಂಡಸರು ಬೇಗ ಮನೆ ಸೇರಲಿ ಎಂಬ ಸದುದ್ದೇಶ. ಆದದ್ದೇನೆಂದರೆ, ಐದಕ್ಕೆ ಕೆಲಸ ಬಿಟ್ಟವರು ಆರರೊಳಗೆ ಆದಷ್ಟೂ ಸುರಿದುಕೊಂಡು ತೂರಾಡುತ್ತ ಮನೆ ಸೇರುತ್ತಿದ್ದರಂತೆ. ಸಿಡ್ನಿಯಲ್ಲಿ 2014ರಲ್ಲಿ, ರಾತ್ರಿಯ ಹೊಡೆದಾಟಗಳಲ್ಲಿ ಹುಡುಗರು ಸತ್ತ ಮೇಲೆ, ಒಂದೂವರೆಯ ಬಳಿಕ ಯಾರನ್ನೂ ಒಳಗೆ ಬಿಡಬಾರದೆಂದು ನಿಯಮ ತಂದರು. 2020, 2021ರಲ್ಲಿ ಅದನ್ನು ತೆಗೆದರು. ನಮ್ಮ ಬೆಂಗಳೂರಿನಲ್ಲೂ ರಾತ್ರಿ ಹನ್ನೊಂದೂವರೆಯ ಗಡುವು 2016ರಲ್ಲಿ ಒಂದು ಗಂಟೆಗೆ ಸರಿಯಿತು. ಬಾಗಿಲು ಎಷ್ಟು ಹೊತ್ತಿಗೆ ಹಾಕಬೇಕು ಎಂಬ ಜಗಳ ಎಲ್ಲ ಊರಿನಲ್ಲೂ ಇದ್ದದ್ದೇ. ಬಾಗಿಲಿನಿಂದ ಹೊರಬಂದವರು ಮನೆ ಸೇರುವುದು ಹೇಗೆ ಎಂಬ ಚಿಂತೆ ಮಾತ್ರ ಹೆತ್ತವರ ಪಾಲಿಗೇ ಉಳಿಯುತ್ತದೆ.

ಮಗಳ ರಾತ್ರಿಗಳು ನಾನು ಊಹಿಸಿದಂತೆ ಇರಲಿಲ್ಲ. ವಾರದಲ್ಲಿ ಮೂರು ರಾತ್ರಿ ಅವಳು ಒಂದು ಹೋಟೆಲಿನಲ್ಲಿ ಹತ್ತರವರೆಗೆ ದುಡಿಯುತ್ತಿದ್ದಳು. ಪಾಠ ನಡೆಯುವ ದಿನಗಳಲ್ಲಿ ವಿದೇಶಿ ವಿದ್ಯಾರ್ಥಿಗಳು ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದೆಂಬ ನಿಯಮ 2023ರ ಜುಲೈನಿಂದ ಇದೆ. ಮಕ್ಕಳನ್ನು ಕಳಿಸಹೊರಟ ತಂದೆತಾಯಿಗಳು ತಿಳಿದಿರಲಿ: ನಿಮ್ಮ ಮಕ್ಕಳ ‘ನೈಟ್ ಲೈಫ್’ನಲ್ಲಿ ದೊಡ್ಡ ಪಾಲು ಪಾತ್ರೆ, ತಟ್ಟೆ, ಬಿಲ್ಲುಗಳದ್ದು. ಅಲ್ಲಿ ಕುಡಿಯಲು ಹದಿನೆಂಟು ತುಂಬಿದರೆ ಸಾಕು. ಆದರೆ ಗುರುತಿನ ಚೀಟಿ ಇಲ್ಲದೆ ಸಣ್ಣ ಮುಖದವರನ್ನು ಒಳಗೆ ಬಿಡುವುದು ಕಷ್ಟ. ಆಗಲೇ ಅಮಲೇರಿದವರಿಗೆ ಮತ್ತೆ ಕೊಡುವಂತಿಲ್ಲ.

ಬಿಡುವಿನ ರಾತ್ರಿ ಅವಳು ನೋಡುತ್ತಿದ್ದದ್ದು ಪುಕ್ಕಟೆಯದನ್ನು, ಇಲ್ಲವೇ ಅಗ್ಗದ್ದನ್ನು. ಒಂದು ಬುಧವಾರ ಸಂಜೆ ನಮ್ಮನ್ನು ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿನ ರಾತ್ರಿ ಸಂತೆಗೆ ಕರೆದೊಯ್ದಳು. 1878ರ ಮಾರುಕಟ್ಟೆ. ಬೇಸಿಗೆಯ ಬುಧವಾರಗಳಲ್ಲಿ ಅಲ್ಲಿ ದೇಶದೇಶದ ತಿಂಡಿ, ಹಾಡು, ಕುಣಿತ. ಒಳಗೆ ಹೋಗಲು ಟಿಕೇಟಿಲ್ಲ. ಹೊಗೆ, ಎಣ್ಣೆಯ ವಾಸನೆ, ತಟ್ಟೆ ಹಿಡಿದು ನಿಂತೇ ತಿನ್ನುವ ಜನ. ‘ಇದು ನಮ್ಮ ವಿ.ವಿ. ಪುರದ ತಿಂಡಿ ಬೀದಿನೇ ಕಣೇ, ಹೋಳಿಗೆ ಒಂದಿಲ್ಲ ಅಷ್ಟೆ’ ಎಂದಳು ನನ್ನಾಕೆ. ನಗರದ ನಡುಭಾಗದಲ್ಲಿ 2015ರಿಂದ ಟ್ರಾಮಿಗೆ ಕಾಸಿಲ್ಲವಾದ್ದರಿಂದ ಯಾರ್ರಾ ನದಿಯ ದಂಡೆಗೆ ಹೋಗಿ ದೀಪ ನೋಡಿಕೊಂಡು ಕೂತು ಬರುವುದಕ್ಕೂ ಖರ್ಚಿಲ್ಲ.

ಒಂದು ಶುಕ್ರವಾರ ‘ಅಪ್ಪ, ನಿನಗೊಂದು ಟಾಕೀಸು ತೋರಿಸ್ತೀನಿ ಬಾ’ ಎಂದಳು. ಆಸ್ಟರ್ ಅದರ ಹೆಸರು. 1936ರ ಚಿತ್ರಮಂದಿರ, ಒಂದೇ ಪರದೆ, ಮೇಲೆ ಬಾಲ್ಕನಿ. ಹಳೆಯ ಸಿನಿಮಾಗಳನ್ನು ಒಂದೇ ಟಿಕೇಟಿಗೆ ಎರಡೆರಡು ತೋರಿಸುವ ಪದ್ಧತಿ ಅಲ್ಲಿದೆ. ಒಳಗೆ ಕಾಲಿಟ್ಟಾಗ ನನಗೆ ಗಂಟಲು ಕಟ್ಟಿತು. ನಮ್ಮ ನಂದಾ ಹೋಯಿತು, ಶಾಂತಿ ಹೋಯಿತು, ಜಯನಗರದ ಪುಟ್ಟಣ್ಣ ಚಿತ್ರಮಂದಿರ ಹೋಯಿತು. ಮಿನರ್ವ ಟಾಕೀಸು ಹೋಗಿ ಸರ್ಕಲ್ಲಿಗೆ ಹೆಸರು ಮಾತ್ರ ಉಳಿಯಿತು. ಸೆಕೆಂಡ್ ಶೋ ಮುಗಿಸಿ ಒಟ್ಟಿಗೆ ನಡೆದು ಬರುತ್ತಿದ್ದ ಆ ಜನವೂ ಅವುಗಳ ಜೊತೆಗೇ ಹೋಯಿತಲ್ಲ ಎಂದು ಆಗ ಅನ್ನಿಸಿತು.

ಎರಡನೇ ಸಿನಿಮಾ ಮುಗಿದಾಗ ನಡುರಾತ್ರಿ. ನನ್ನ ಬಾಯಿಗೆ ಆ ಪ್ರಶ್ನೆ ಬಂತು. ಕೇಳಲಿಲ್ಲ. ಅವಳು ಆಗಲೇ ಕೋಟಿನ ಗುಂಡಿ ಹಾಕಿಕೊಳ್ಳುತ್ತ, ‘ರೈಲಲ್ಲಿ ಸಿಟಿಗೆ ಹೋಗಿ, ಬರ್ಕ್ ಬೀದೀಲಿ 86ನೇ ನಂಬರ್ ಟ್ರಾಮ್ ಹಿಡಿಯೋಣ’ ಎಂದಳು. 2016ರ ಜನವರಿಯಿಂದ ಆ ಊರಿನಲ್ಲಿ ಶುಕ್ರವಾರ, ಶನಿವಾರಗಳಂದು ಇಡೀ ರಾತ್ರಿ ರೈಲು, ಟ್ರಾಮು ಓಡುತ್ತವೆ: ರೈಲು ಗಂಟೆಗೊಂದು, ಆರು ಮಾರ್ಗಗಳಲ್ಲಿ ಟ್ರಾಮು ಅರ್ಧ ಗಂಟೆಗೊಂದು. ಪ್ರೆಸ್ಟನ್ನಿಗೆ ಹೋಗುವ 86 ಅವುಗಳಲ್ಲಿ ಒಂದು. ‘ನಾವು ಮನೆ ಹುಡುಕುವಾಗ ಮೊದಲು ನೋಡಿದ್ದು ಬಾಡಿಗೆ ಅಲ್ಲ ಅಪ್ಪ, ರಾತ್ರಿ ಟ್ರಾಮ್ ಬರುತ್ತಾ ಅಂತ’ ಎಂದಳು.

ಆ ಟ್ರಾಮಿನಲ್ಲಿ ಈರುಳ್ಳಿ ವಾಸನೆಯ ಅಡುಗೆಯವನೊಬ್ಬ ಕಣ್ಣು ಮುಚ್ಚಿ ಕೂತಿದ್ದ. ವಯಸ್ಸಾದ ದಂಪತಿ ಯಾವುದೋ ಸಂಗೀತ ಕಚೇರಿಯ ಕಾರ್ಯಕ್ರಮಪಟ್ಟಿ ಓದುತ್ತಿದ್ದರು. ಪಿಟೀಲು ಪೆಟ್ಟಿಗೆಯನ್ನು ಅಪ್ಪಿಕೊಂಡ ಹುಡುಗಿ ತೂಕಡಿಸುತ್ತಿದ್ದಳು. ಮುಂದಿನ ನಿಲ್ದಾಣದಲ್ಲಿ ಕುಡಿದ ಹುಡುಗರು ನಾಲ್ವರು ಗಲಾಟೆ ಮಾಡುತ್ತ ಹತ್ತಿದರು. ಮಗಳು ಮಾತು ನಿಲ್ಲಿಸದೆಯೇ ಎದ್ದು, ನಮ್ಮಿಬ್ಬರನ್ನೂ ಎಬ್ಬಿಸಿಕೊಂಡು, ಚಾಲಕನ ಹತ್ತಿರದ ಸೀಟಿಗೆ ಬಂದು ಕೂತಳು. ಇಂಥದ್ದನ್ನೆಲ್ಲ ಅವಳಿಗೆ ಯಾರು ಕಲಿಸಿದರು? ನಾನಂತೂ ಕಲಿಸಿರಲಿಲ್ಲ. ನಾನು ಕಲಿಸಿದ್ದು ಮನೆಯಲ್ಲಿರುವುದನ್ನು ಮಾತ್ರ.

ಮೆಲ್ಬರ್ನ್ ಸ್ವರ್ಗವೆಂದು ಹೇಳುತ್ತಿಲ್ಲ. 2009ರಲ್ಲಿ ರಾತ್ರಿ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಮೇಲೆ ಅಲ್ಲಿ ಹಲ್ಲೆಗಳಾದವು. ಮೇ 31ರಂದು ಸಾವಿರಾರು ವಿದ್ಯಾರ್ಥಿಗಳು ನಗರದ ನಡುವೆ ಬೀದಿಗಿಳಿದರು. 2012ರ ಸೆಪ್ಟೆಂಬರಿನಲ್ಲಿ ಬ್ರನ್ಸ್‌ವಿಕ್ ಬಡಾವಣೆಯಲ್ಲಿ ರಾತ್ರಿ ಮನೆಗೆ ನಡೆದು ಹೊರಟ ಮಹಿಳೆಯೊಬ್ಬಳ ಕೊಲೆಯಾಯಿತು. ಆಗಲೂ ಸಾವಿರಾರು ಜನ ಅದೇ ರಸ್ತೆಯಲ್ಲಿ ಮೆರವಣಿಗೆ ನಡೆದರು. ಆ ವರ್ಷದಿಂದ ರೈಲು ನಿಲ್ದಾಣಗಳಲ್ಲಿ ಸಂಜೆ ಆರರಿಂದ ಕೊನೆಯ ರೈಲಿನ ತನಕ ವಿಶೇಷ ರಕ್ಷಣಾ ಸಿಬ್ಬಂದಿಯನ್ನು ನಿಲ್ಲಿಸತೊಡಗಿದರು. ಆಮೇಲೆ ರಾತ್ರಿಯಿಡೀ ಓಡುವ ಟ್ರಾಮು ಬಂತು. ಪೆಟ್ಟು ತಿಂದ ಮೇಲೆ ಬಂದ ಬುದ್ಧಿಯೇ. ಆದರೆ ‘ಇನ್ನು ರಾತ್ರಿ ಹೊರಗೆ ಬರಬೇಡಿ’ ಎಂದು ಹೇಳಿ ಕೈತೊಳೆದುಕೊಳ್ಳುವ ಬದಲು ಹೆಚ್ಚು ಜನ ಹೊರಗಿರುವ ಹಾಗೆ ಮಾಡಿದರು. ಅಜ್ಜಿ ಹೇಳಿದ್ದು ಇದನ್ನೇ ಅಲ್ಲವೇ? ಊರು ಎದ್ದಿರಬೇಕು.

ಟ್ರಾಮಿನಿಂದ ಇಳಿದು ಮನೆಯತ್ತ ನಡೆಯುವಾಗ ಗಂಟೆ ಒಂದೂಕಾಲು. ಮಗಳೇ ಮಾತು ತೆಗೆದಳು. ‘ಈಗಲೂ ಎಲ್ಲಿಗೆ ಹೋಗೋದಾದ್ರೂ ನಿನ್ನ ಪ್ರಶ್ನೆನೇ ಮೊದಲು ಕೇಳ್ಕೋತೀನಿ ಅಪ್ಪ. ಒಳ್ಳೇ ಪ್ರಶ್ನೆ ಅದು. ಆದ್ರೆ ಆಗ ನೀನು ಉತ್ತರ ಹುಡುಕೋಕೆ ಬಿಡಲಿಲ್ಲ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಊರಿಗೆ ಮರಳಿದ ಮೇಲೆ ನಮ್ಮ ದಕ್ಷಿಣ ಬೆಂಗಳೂರಿನ ರಾತ್ರಿಯನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದೆ. ನಾವು ಬಡವರೇನಲ್ಲ. ಮೈದಾನದಲ್ಲಿ ಚೈತ್ರದ ಸಂಗೀತ ಇನ್ನೂ ಇದೆ. 1905ರ ಗಾಯನ ಸಮಾಜವಿದೆ. ಬನಶಂಕರಿಯಲ್ಲಿ 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿ, ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ, ಜೆ.ಸಿ. ರಸ್ತೆಯಲ್ಲಿ 1963ರ ರವೀಂದ್ರ ಕಲಾಕ್ಷೇತ್ರ, ಅದರ ಹಿಂದೆ ಸಂಸ ಬಯಲು ರಂಗಮಂದಿರ ಇವೆ. ಅರುಂಧತಿ ನಾಗ್ ಅವರು ಶಂಕರ್‌ನಾಗ್ ನೆನಪಿಗೆ ಕಟ್ಟಿ 2004ರಲ್ಲಿ ತೆರೆದ ರಂಗಶಂಕರದಲ್ಲಿ ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿಲ್ಲವೆಂಬ ಶಿಸ್ತು ಬೇರೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು ರಾತ್ರಿಯಿಡೀ ನಡೆಯುವ ನಾಟಕವಾಗಿ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಆಡಿಸಿದಾಗ ಜನ ಮಕ್ಕಳುಮರಿ, ಹೊದಿಕೆ ಸಮೇತ ಬೆಳಗಿನ ತನಕ ಕೂತಿದ್ದರು. ರಾತ್ರಿ ಎಂದರೆ ಬಾರು, ಪಬ್ಬು ಎಂದಷ್ಟೇ ತಿಳಿದವರು ಯಾರೋ, ಅವರು ನಮ್ಮ ಊರನ್ನು ಅರ್ಧ ಮಾತ್ರ ಕಂಡವರು. ಇಲ್ಲಿ ಕೊರತೆ ಕಾರ್ಯಕ್ರಮಗಳದ್ದಲ್ಲ, ಮರಳುವ ದಾರಿಯದು. ಕೊನೆಯ ಮೆಟ್ರೊ, ಆಮೇಲೆ ಸಿಗುವ ಬಸ್ಸು, ಬರಲೊಲ್ಲದ ಆಟೋ, ಉರಿಯದ ಬೀದಿದೀಪ, ಅಗೆದು ಬಿಟ್ಟ ಫುಟ್‌ಪಾತು. ಸರ್ಕಾರ ಮಾಡಬೇಕಾದದ್ದು ಬಹಳವಿದೆ, ನಿಜ. ಆದರೆ ಅದೆಲ್ಲ ಆಗುವ ತನಕ ನಮ್ಮ ಮನೆಯ ಹೆಣ್ಣುಮಗುವಿನ ಇಪ್ಪತ್ತನೇ ವರ್ಷ ಕಾದು ಕೂತಿರುತ್ತದೆಯೇ?

ತಮ್ಮನ ಮಗಳು ಈಗ ನಮ್ಮ ಮನೆಯಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. ಮೊನ್ನೆ ಸಂಕೋಚದಿಂದಲೇ ಬಂದು, ‘ದೊಡ್ಡಪ್ಪ, ಶನಿವಾರ ರಂಗಶಂಕರದಲ್ಲಿ...’ ಎಂದು ಶುರುಮಾಡಿದಳು.

‘ವಾಪಸ್ ಬರೋದು ಹೇಗೆ?’ ಹಾಳು ನಾಲಿಗೆ, ಅಭ್ಯಾಸಬಲ.

ಅವಳ ಮುಖ ಬಾಡಿತು. ‘ಹೋಗಲಿ ಬಿಡಿ ದೊಡ್ಡಪ್ಪ’ ಎಂದು ತಿರುಗಿದಳು.

‘ಬೇಡ ಅನ್ನಲಿಲ್ಲಮ್ಮ. ಹೇಗೆ ಅಂತ ಕೇಳಿದೆ. ಬಾ, ಕೂತ್ಕೊ’ ಎಂದೆ.

ಕೂತು ಲೆಕ್ಕ ಹಾಕಿದೆವು. ನಾಟಕ ಮುಗಿದ ಮೇಲೆ ಗೆಳತಿಯರೆಲ್ಲ ಸೇರಿ ಮೆಟ್ರೊ ನಿಲ್ದಾಣದ ತನಕ ಆಟೋ. ಕೊನೆಯ ರೈಲಿಗೆ ಇನ್ನೂ ಹೊತ್ತಿರುತ್ತದೆ. ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯುವುದು. ಹಗಲಾದರೆ ಉದ್ಯಾನದೊಳಗೇ ಹಾದು ಸಿದ್ದಾಪುರದ ಕಡೆ ಬಂದುಬಿಡಬಹುದು. ರಾತ್ರಿ ಆ 240 ಎಕರೆಗೂ ಬೀಗ. ಗೋಡೆ ಬಳಸಿಕೊಂಡು ಅಶೋಕ ಪಿಲ್ಲರ್ ಕಡೆಯಿಂದ ಬರಬೇಕು. ಅಷ್ಟು ದಾರಿಗೆ ನಾನಿದ್ದೇನೆ.

ಶನಿವಾರ ಹತ್ತೂಕಾಲಿಗೆ ನಿಲ್ದಾಣದ ಮೆಟ್ಟಿಲ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾದೆ. ನನ್ನ ಹಾಗೆ ಇನ್ನಿಬ್ಬರು ಅಪ್ಪಂದಿರು ನಿಂತಿದ್ದರು. ಪರಿಚಯವಿಲ್ಲದಿದ್ದರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ಹುಡುಗಿ ಇಳಿದು ಬಂದಳು. ಮನೆ ಸೇರುವ ತನಕ ಹಿಂದೆ ಕೂತು ನಾಟಕದ ಕಥೆ ಹೇಳುತ್ತಲೇ ಇದ್ದಳು. ಗಾಳಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ.

ಮಲಗುವ ಮೊದಲು ಮೆಲ್ಬರ್ನಿಗೆ ನಾಲ್ಕು ಸಾಲು ಬರೆದು ಕಳಿಸಿದೆ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ನಾನು ಎದ್ದು ನೋಡುವಷ್ಟರಲ್ಲಿ ಉತ್ತರ ಬಂದಿತ್ತು: ‘ಒಳ್ಳೇದು ಮಾಡಿದೆ ಅಪ್ಪ. ನನ್ನದೂ ಒಂದು ಟಿಕೇಟು ಬಾಕಿ ಇದೆ. ಡಿಸೆಂಬರಿಗೆ ಬರ್ತೀನಿ.’